ಐದು ದೀಪದ ಡಬ್ಬಿ

ಬೆಳಿಗ್ಗೆ ನಮ್ಮ ಹಿಂದೂಪುರದ ಮನೆಗೆ ಫೈಬರ್ ಕನೆಕ್ಷನ್ ಕೊಡಲು ಬಂದವನು ಗೋಡೆಗೆ ಒಂದು ಬಿಳಿ ಡಬ್ಬಿ ತಗುಲಿಸಿದ. ನಾನು ಕನ್ನಡಕ ಏರಿಸಿಕೊಂಡು ಹತ್ತಿರ ಹೋಗಿ ನೋಡಿದೆ. ಒಂದೇ ಒಂದು ದೀಪ. “ಇಷ್ಟೇನಾ?” ಎಂದೆ. ಅವನಿಗೆ ಅರ್ಥವಾಗಲಿಲ್ಲ. ನಿಮಗೂ ಆಗಿರಲಾರದು. ಕೂತುಕೊಳ್ಳಿ, ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಬ್ರಾಡ್‌ಬ್ಯಾಂಡ್ ಹೊಸದಾಗಿ ಬಂದ ಕಾಲದಲ್ಲಿ ನಾನು ಮೋಡೆಮ್ ಮಾರುತ್ತಿದ್ದೆ. ಟೆಲಿಫೋನ್ ಆಫೀಸಿನವರು ಲೈನು ಕೊಟ್ಟರೆ ಸಾಕು, ಡಬ್ಬಿಯನ್ನು ಎಲ್ಲಿ ಬೇಕಾದರೂ ಕೊಳ್ಳಬಹುದಿತ್ತು. ರೇಷ್ಮೆಗೂಡಿನ ದಲ್ಲಾಳಿಗಳು, ಫೋಟೋ ಸ್ಟುಡಿಯೋದವರು, ಮಗಳ ರಿಸಲ್ಟ್ ನೋಡಬೇಕಾದ ಮೇಷ್ಟ್ರು, ಎಲ್ಲರಿಗೂ ಅದು ಒಮ್ಮೆಲೇ ಬೇಕಾಗಿಬಿಟ್ಟಿತು. ಪಾರ್ಸಲ್ ಲಾರಿ ರಾಜ್ಯದ ಗಡಿಯಲ್ಲಿರುವ ಕೊಡಿಕೊಂಡದ ಚೆಕ್‌ಪೋಸ್ಟ್ ದಾಟುವ ಮೊದಲೇ ಅರ್ಧ ಮಾಲಿಗೆ ಗಿರಾಕಿ ಗೊತ್ತಾಗಿರುತ್ತಿತ್ತು. ನಾನಂತೂ ಕಾಲರ್ ಎತ್ತಿಕೊಂಡೇ ಓಡಾಡುತ್ತಿದ್ದೆ. ಆ ಡಬ್ಬಿಯೊಳಗೆ ಏನಿದೆ ಎಂದು ಯಾರಾದರೂ ಕೇಳಿದ್ದರೆ ಬೆಬ್ಬೆಬ್ಬೆ ಎನ್ನಬೇಕಾಗಿತ್ತು. ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಕಲ್ಯಾಣದುರ್ಗದಲ್ಲಿದ್ದ ಅಕ್ಕನ ಗಂಡ, ನಮ್ಮ ಭಾವ, ಅವರೂ ಇದೇ ವ್ಯಾಪಾರಕ್ಕೆ ಇಳಿದರು. ಕಂಪನಿ ಮಾತ್ರ ಬೇರೆ. ನನ್ನದು ಕಪ್ಪು ಡಬ್ಬಿ, ನಾಲ್ಕು ದೀಪ. ಅವರದು ಬೂದು ಡಬ್ಬಿ, ಐದು ದೀಪ. ಗಿರಾಕಿಗಳಿಗೆ ವೇಗ ಗೀಗ ಏನೂ ಬೇಕಾಗಿರಲಿಲ್ಲ, ದೀಪ ಎಣಿಸುತ್ತಿದ್ದರು. “ಲೈಟ್ಲು ಎಕ್ಕುವ ಉಂಡೇದಿ ಇವ್ವಂಡಿ ಸಾರ್” ಎನ್ನುತ್ತಿದ್ದರು, ಜಾಸ್ತಿ ದೀಪ ಇರುವುದನ್ನೇ ಕೊಡಿ ಎಂದು. ನಾಲ್ಕೇ ಸಾಕು, ಕರೆಂಟು ಉಳಿಯುತ್ತದೆ ಎಂದು ನಾನು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಒಳಗೊಳಗೇ ನನಗೂ ಐದರ ಮೇಲೆಯೇ ಆಸೆ.

ಇನ್ನೊಬ್ಬರ ಊರಿನ ಗಿರಾಕಿಗೆ ಮೊದಲು ಕೈ ಹಾಕಿದವರು ಯಾರು ಎನ್ನುವುದು ನಮ್ಮಲ್ಲಿ ಇಂದಿಗೂ ಇತ್ಯರ್ಥವಾಗಿಲ್ಲ. ಹಿಂದೂಪುರದ ನನ್ನ ಗಿರಾಕಿಯೊಬ್ಬನಿಗೆ ಭಾವ ಐದು ದೀಪದ್ದು ಮಾರಿದರು ಎಂಬುದು ನನ್ನ ವಾದ. ನಾನೇನು ಸುಮ್ಮನಿರುವ ಪೈಕಿಯೇ? ಡಬ್ಬಿಗಳನ್ನು ಬಸ್ಸಿಗೆ ಹೇರಿಕೊಂಡು ಕಲ್ಯಾಣದುರ್ಗಕ್ಕೇ ಹೋಗಿ, ಅವರ ಅಂಗಡಿಯ ಬೀದಿಯಲ್ಲೇ ಕಡಿಮೆ ಬೆಲೆಗೆ ಮಾರಿ ಬಂದೆ. ಅಕ್ಕನ ಮನೆಗೆ ಹೋಗಿ ಒಂದು ಲೋಟ ನೀರೂ ಕುಡಿಯಲಿಲ್ಲ. ಭಾವ ಮಾತು ಬಿಟ್ಟರು.

ಆಗಲೇ ಅಕ್ಕನ ಮಗಳಿಗೆ ಕಿವಿ ಚುಚ್ಚಿಸುವ ದಿನ ಗೊತ್ತಾಯಿತು. ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚಿಸಬೇಕು. ಅಕ್ಕನ ಬೆನ್ನಿಗೆ ಹುಟ್ಟಿದವನು ನಾನೊಬ್ಬನೇ. ಅಕ್ಕ ಫೋನು ಮಾಡಿದಳು.

“ನಿಮ್ ಭಾವ ಕಂಬದೂರಿನ ದೊಡ್ಡಪ್ಪನ ಮಗನ್ನ ಕೂರಿಸ್ತೀನಿ ಅಂತವ್ರೆ ಕಣ್ಲಾ. ನಿಂಗೆ ಆ ಡಬ್ಬ ಹೆಚ್ಚಾ, ನನ್ ಮಗ ಹೆಚ್ಚಾ?”

ಹೆಣ್ಣು ಮಗುವನ್ನೂ ಮುದ್ದಿಗೆ ಮಗ ಎನ್ನುವುದು ಅವಳ ರೂಢಿ. ನೋಡೋಣ ಎಂದು ಫೋನಿಟ್ಟೆ. ಇನ್ನೊಬ್ಬನ ತೊಡೆಯ ಮೇಲೆ ಆ ಕೂಸು ಕೂತಿರುವುದನ್ನು ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ. ಆದರೂ ನಾನೇ ಹೋಗಿ ತಲೆ ತಗ್ಗಿಸಲು ಮನಸ್ಸು ಬರಲಿಲ್ಲ.

ಅದೇ ವಾರ ಕಲ್ಯಾಣದುರ್ಗದಲ್ಲಿ ಗುಡುಗು ಸಿಡಿಲು ಸೇರಿ ಒಂದು ಮಳೆ ಬಿತ್ತು. ಸಿಡಿಲು ಭಾವನ ಅಂಗಡಿ ಬೀದಿಯ ಫೋನಿನ ತಂತಿ ಹಿಡಿದು ಇಳಿದು ನಾನು ಮಾರಿದ್ದ ಡಬ್ಬಿಗಳೆಲ್ಲ ಸುಟ್ಟವೆಂದು ಸುದ್ದಿ ಬಂತು. ಬೈಗುಳ ತಿನ್ನಲು ತಯಾರಾಗಿಯೇ ಬಸ್ಸು ಹತ್ತಿದೆ. ಮೊದಲು ಹೋದದ್ದು ಫೋಟೋ ಸ್ಟುಡಿಯೋಗೆ. ನೋಡಿದರೆ ಅಲ್ಲಿ ಬೂದು ಡಬ್ಬಿ ಮಿನುಗುತ್ತಿದೆ. ಯಾರು ಕೊಟ್ಟರು ಎಂದೆ.

“ಮೀ ಬಾವೇ,” ಎಂದ ಸ್ಟುಡಿಯೋದವನು, ನಿಮ್ಮ ಭಾವನೇ ಎಂದು. “ನಮ್ ಬಾಮೈದ ಬರೋಗಂಟ ಇದ್ನ ಇಟ್ಕಳಿ ಅಂತ ಎಲ್ರಿಗೂ ಕೊಟ್ಟೋದ್ರು.”

ಅಲ್ಲಿಂದ ನೆಟ್ಟಗೆ ಭಾವನ ಅಂಗಡಿಯ ಮೆಟ್ಟಿಲು ಹತ್ತಿದೆ. ಅವರು ಸುಟ್ಟುಹೋದ ನನ್ನ ಕಪ್ಪು ಡಬ್ಬಿ ಬಿಚ್ಚಿ, ತಮ್ಮದೊಂದನ್ನೂ ಬಿಚ್ಚಿ ಪಕ್ಕದಲ್ಲಿಟ್ಟುಕೊಂಡಿದ್ದರು. ತಲೆ ಎತ್ತದೆ, “ಇಲ್ ನೋಡಪ್ಪ,” ಎಂದರು. ಒಳಗಿನ ಸರ್ಕ್ಯೂಟ್ ಹಲಗೆ ಎರಡರಲ್ಲೂ ಒಂದೇ. ನನ್ನದರಲ್ಲೂ ಐದನೇ ದೀಪ ಇತ್ತು, ಮುಚ್ಚಳಕ್ಕೆ ತೂತಿರಲಿಲ್ಲ.

“ಎಲ್ಲ ಒಂದೇ ಕಣಪ್ಪ. ನಿಮ್ ಕಂಪ್ನಿಯೋರು ತೂತು ಕೊರೀಲಿಲ್ಲ, ಅಷ್ಟೇಯ.”

ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ ಬಂತು. ಆಮೇಲೆ ನಾನು, ನನ್ನ ಗಿರಾಕಿಗಳಿಗೆ ನೀವು ಯಾಕೆ ಕೊಟ್ಟಿರಿ ಎಂದು ಮೆಲ್ಲಗೆ ಕೇಳಿದೆ.

“ನನ್ ಬಾಮೈದ ಟೋಪಿ ಹಾಕ್ಬುಟ್ಟ ಅಂತ ಊರೋರು ಅನ್ನೋದ ಕೇಳ್ಕಂಡು ಕೂತಿರಕ್ಕಾಯ್ತದಾ? ಜಗಳ ನಮ್ದು, ಊರೋರದಲ್ಲ. ಮನೆಗೋಗು, ನಿಮ್ಮಕ್ಕ ಸರ್ಯಾಗಿ ಉಂಡಿಲ್ಲ.”

ಕಿವಿ ಚುಚ್ಚುವಾಗ ಮಗು ನನ್ನ ತೊಡೆಯ ಮೇಲೆ ಕೂತು ಬೀದಿಗೆಲ್ಲ ಕೇಳುವಂತೆ ಅತ್ತಿತು, ನನ್ನ ಹೊಸ ಪಂಚೆಯನ್ನೂ ಒದ್ದೆ ಮಾಡಿತು. ಅಷ್ಟು ನೆಮ್ಮದಿಯಾಗಿ ನಾನು ಎಂದೂ ಕೂತಿರಲಿಲ್ಲ. ಮುಂದೆ ಇಂಟರ್ನೆಟ್ಟು ಎಲ್ಲರ ಜೇಬಿನ ಫೋನಿಗೇ ಬಂದು ಎರಡೂ ಕಂಪನಿಗಳು ಹೇಳಹೆಸರಿಲ್ಲದಂತಾದವು. ಭಾವ ಡ್ರಿಪ್ ಪೈಪಿಗೆ ಹೋದರು, ನಾನು ಇನ್ವರ್ಟರಿಗೆ. ವ್ಯಾಪಾರ ಹೋಯಿತೆಂದು ನಾವಿಬ್ಬರೂ ಒಂದು ದಿನವೂ ಕೊರಗಿದ್ದಿಲ್ಲ.

ಫೈಬರಿನವನು ಇದನ್ನೆಲ್ಲ ಕೇಳುತ್ತಲೇ ಕೆಲಸ ಮುಗಿಸಿದ. ಹೊರಡುವಾಗ, “ಸಾರ್, ನಿಮ್ಗೆ ಈ ಲೈನು ಗೊತ್ತೈತೆ. ಕಲ್ಯಾಣದುರ್ಗದ ಕಡೀಕೆ ನಮ್ಗೊಬ್ರು ಏಜೆಂಟ್ ಬೇಕಾಗವ್ರೆ, ನೀವೇ ಮಾಡ್ತೀರಾ?” ಎಂದ.

“ಅದು ನಮ್ ಭಾವನ ಊರು ಕಣಪ್ಪ,” ಎಂದೆ. “ಮೊದ್ಲು ಅವ್ರನ್ನ ಕೇಳು.”