ಅಳಿಯನ ಭಾನುವಾರ

ಕಳೆದ ವಾರ ತ್ಯಾವಣಿಗೆಯಲ್ಲಿ ಒಂದು ಹೆಲ್ಮೆಟ್ ನಮ್ಮಕ್ಕನ ಬಾಯಿ ಮುಚ್ಚಿಸಿತು. ನಮ್ಮಕ್ಕನನ್ನು ಬಲ್ಲವರಿಗೆ ಗೊತ್ತು, ಅದೇನು ಸಣ್ಣ ಸಾಧನೆಯಲ್ಲ. (ನಾನು ನಲವತ್ತು ವರ್ಷದಿಂದ ಟ್ರೈ ಮಾಡುತ್ತಿದ್ದೇನೆ.)

ಅಕ್ಕನ ಮಗಳು ಸಹನಾ ಬಾಣಂತನಕ್ಕೆ ಬಂದಿದ್ದಾಳೆ. ಗಂಡನ ಮನೆ ಹೊನ್ನಾಳಿ. ಸಿಸೇರಿಯನ್ ಆಗಿ ಎರಡೂವರೆ ತಿಂಗಳು. ಭಾನುವಾರ ನಾನು ಚನ್ನಗಿರಿಯಿಂದ ತುಪ್ಪ, ಒಣಕೊಬ್ಬರಿ ಹಿಡಿದುಕೊಂಡು ಕೂಸು ನೋಡಲು ಹೋದೆ. ಅಕ್ಕ ಹೋಳಿಗೆ ಮಾಡಿದ್ದಳು. ಶುಕ್ರವಾರವೇ ಬೇಳೆ ಆರಿಸಿಟ್ಟಿದ್ದೆ ಅಂತ ಎರಡು ಸಲ ಹೇಳಿದಳು.

ಅವಳು ಒಳಗೆ ಹೋದದ್ದೇ ತಡ, ಸಹನಾ ಪಕ್ಕಕ್ಕೆ ಸರಿದು ಕೂತಳು.

“ಚಿಕ್ಕಮ್ಮ, ಇನ್ನ ಮೂರ್ನಾಲ್ಕು ವರ್ಷ ನನಗೆ ಇನ್ನೊಂದು ಬ್ಯಾಡ. ಬಿ.ಎಡ್. ಅರ್ಧಕ್ಕೆ ನಿಂತೈತೆ. ಹೊಲಿಗೆ ಹಾಕಿದ್ ಜಾಗ ಇನ್ನೂ ಜುಮ್ ಅಂತೈತೆ.”

“ನಿನ್ನ ಗಂಡ ಏನಂತಾನೆ?”

“ಅವ್ರು ಹೂಂ ಅಂದಾರೆ. ದವಾಖಾನೆಗೆ ಹೋಗಾಕೆ ಅವ್ವ ಬಿಡಬೇಕಲ್ಲ. ಅವ್ವನ್ ಹತ್ರ ಇದನ್ನ ಹೆಂಗೆ ಕೇಳ್ಲಿ?”

ನಿಜ. ಬಾಣಂತಿ ಹೊಸ್ತಿಲು ದಾಟಲು ಆ ಮನೆಯಲ್ಲಿ ಅಕ್ಕನ ಪರ್ಮಿಷನ್ ಬೇಕು. ಹೆತ್ತ ತಾಯಿಯ ಮುಂದೆ ಈ ಮಾತೆತ್ತಲು ಡಿಗ್ರಿ ಮುಗಿಸಿದವರಿಗೂ ನಾಲಿಗೆ ಏಳುವುದಿಲ್ಲ.

ಪುಣ್ಯಕ್ಕೆ ಆಶಾ ಕಾರ್ಯಕರ್ತೆ ರತ್ನಮ್ಮ ಬಂದರು. ಭಾನುವಾರ ಅಂತ ಮನೆಯಲ್ಲಿ ಕೂರುವ ಪೈಕಿ ಅಲ್ಲ ಅವರು. ಕೂಸನ್ನು ನೋಡಿದರು, ಟೀ ಕುಡಿದರು, ಲೋಟ ಕೆಳಗಿಟ್ಟು ನೇರವಾಗಿ ಕೇಳಿದರು. “ಮುಂದಿನ ಕೂಸಿಗೆ ಅಂತರ ಬೇಕಲ್ಲ, ಏನು ಯೋಚ್ನೆ ಮಾಡೀರಿ?”

ಅಕ್ಕ ನಕ್ಕಳು. “ಐದು ತಿಂಗ್ಳು ಅವಳು ತವರಾಗೆ ಇರ್ತಾಳೆ. ಅಳಿಯಂದ್ರು ಹೊನ್ನಾಳಿಯಾಗೆ. ಅದೆಲ್ಲ ಈಗ್ಯಾಕ್ರೀ? ಇನ್ನೂ ಮುಟ್ಟೂ ಆಗಿಲ್ಲ. ಕಳ್ಸೋ ಹೊತ್ತಿಗೆ ನೋಡಿದ್ರಾತು.”

ರತ್ನಮ್ಮ ಗೋಡೆ ಕಡೆ ನೋಡಿದರು. ಗೂಟದಲ್ಲಿ ಹೆಲ್ಮೆಟ್ ನೇತಾಡುತ್ತಿತ್ತು.

“ಇದು ಯಾರ್ದು?”

“ಅಳಿಯಂದ್ರುದು. ಊಟ ಮಾಡಿ ಒಳಗೆ ಮಲಗ್ಯಾರೆ. ಕೂಸು ನೋಡಾಕೆ ಬರ್ತಾರೆ.”

“ಪ್ರತಿ ಭಾನ್ವಾರ?”

“ಹೂಂ.”

“ಸಂಜಿಗೆ ಹೋಗಿಬಿಡ್ತಾರಾ?”

“ಇಲ್ಲ, ಸೋಮವಾರ ಬೆಳಿಗ್ಗೆ…” ಅಕ್ಕ ಅಷ್ಟಕ್ಕೇ ನಿಲ್ಲಿಸಿದಳು.

ನಾನು ಕೂಸಿನ ಟೋಪಿಯಲ್ಲಿ ಮುಖ ಮುಚ್ಚಿಕೊಂಡು ನಕ್ಕೆ. ಆದರೆ ನಗುವ ಹಕ್ಕು ನನಗೆಲ್ಲಿತ್ತು? ನನ್ನ ಮಕ್ಕಳಿಬ್ಬರಿಗೆ ಹದಿಮೂರೇ ತಿಂಗಳ ಅಂತರ. ಸ್ಕೂಲಿನಲ್ಲಿ ಅವಳಿಜವಳಿಯಾ ಅಂತ ಕೇಳುತ್ತಿದ್ದರು. ನನ್ನ ಗಂಡನಿಗೂ ಕೂಸು ನೋಡುವ ಆಸೆ ಜಾಸ್ತಿಯೇ ಇತ್ತು ನೋಡಿ. ಐದನೇ ತಿಂಗಳು ಅವ್ವ ಮಡಿಲಕ್ಕಿ ಹಾಕಿ ನನ್ನನ್ನು ಕಳಿಸಿಕೊಟ್ಟಾಗಲೇ ಚಿಕ್ಕವನು ಹೊಟ್ಟೆಯಲ್ಲಿದ್ದ. ಮುಟ್ಟಾಗಲಿಲ್ಲವಲ್ಲ ಅಂದರೆ ಅತ್ತೆ, “ಹಾಲು ಕುಡ್ಸೋಳಿಗೆ ಬರಲ್ಲ ಬಿಡು” ಅಂದಿದ್ದರು. ಎಲ್ಲರಿಗೂ ಗೊತ್ತಾಗುವಷ್ಟರಲ್ಲಿ ನಾಲ್ಕು ತಿಂಗಳು ತುಂಬಿತ್ತು.

ಚಿಕ್ಕವನು ನನ್ನ ಜೀವ. ಅದರಲ್ಲಿ ಎರಡು ಮಾತಿಲ್ಲ. ಆದರೆ ಸೊಂಟದಲ್ಲೊಂದು, ಹೊಟ್ಟೆಯಲ್ಲೊಂದು ಹೊತ್ತು ಗೋಡೆ ಹಿಡಿದು ಓಡಾಡಿದ ಆ ವರ್ಷವನ್ನು ನಾನು ಮರೆತಿಲ್ಲ. ಆಗ ಒಬ್ಬಳೇ ಎಷ್ಟು ಅತ್ತಿದ್ದೇನೋ.

ಇದನ್ನೆಲ್ಲ ಅಲ್ಲೇ ರತ್ನಮ್ಮನ ಮುಂದೆ ಅಕ್ಕನಿಗೆ ಹೇಳಿದೆ. ಮಕ್ಕಳ ವಯಸ್ಸು ಗೊತ್ತಿತ್ತು, ನನ್ನ ಪಾಡು ಅವಳಿಗೆ ಗೊತ್ತಿರಲಿಲ್ಲ! ಇಷ್ಟು ವರ್ಷ ನಾವಿಬ್ಬರೂ ಉಪ್ಪಿನಕಾಯಿ, ಸೀರೆ, ಓರಗಿತ್ತಿಯರ ಬಗ್ಗೆ ಮಾತ್ರ ಮಾತಾಡಿದ್ದೆವು.

ರತ್ನಮ್ಮ ಅಕ್ಕನಿಗೆ ಬಿಡಿಸಿ ಹೇಳಿದರು. “ಮುಟ್ಟಾಗೋಕೆ ಮುಂಚೆನೇ ಬಸಿರು ನಿಲ್ಲಬಹುದು ಕಣಮ್ಮ. ಬರೀ ಎದೆಹಾಲೇ ಕೊಟ್ರೆ, ಮುಟ್ಟೂ ಆಗದಿದ್ರೆ, ಆರು ತಿಂಗ್ಳವರೆಗೂ ಅದೇ ಒಂದು ತಡೆ. ನೀವು ಬಾಟ್ಲಿ ಹಾಲೂ ಕೊಡ್ತೀರಿ. ಅದನ್ನ ನಂಬ್ಕೊಂಡು ಕೂರಾಕೆ ಆಗಲ್ಲ.”

ಬಾಟಲಿ ಹಿಡಿಸಿದ್ದು ಅಕ್ಕನೇ, ಮಗಳು ನಿದ್ದೆ ಮಾಡಲಿ ಅಂತ. ಅದನ್ನು ಪಕ್ಕಕ್ಕೆ ಸರಿಸಿ ಕೇಳಿದಳು. “ವಂಕಿ, ಅದೇ ಕಾಪರ್-ಟಿ, ಹಾಕಿಸಿದ್ರೆ ಹಾಲು ಬತ್ತಲ್ಲೇನು?”

“ಬತ್ತಲ್ಲ. ಬ್ಯಾಡ ಅಂದ್ರೆ ಇಂಜೆಕ್ಷನ್ ಐತೆ. ಯಾವ್ದು ಅಂತ ಅವಳೇ ಹೇಳ್ಲಿ.”

ಎಲ್ಲರೂ ಸಹನಾಳ ಕಡೆ ತಿರುಗಿದೆವು. ಅವಳು ತಲೆ ತಗ್ಗಿಸಿಕೊಂಡೇ, “ವಂಕಿ. ನಾಳೆನೇ ಬರ್ತೀನಿ” ಅಂದಳು.

ಅಕ್ಕ ಎದ್ದು ಒಳಗೆ ಹೋದಳು. ಮುಗೀತು, ಸಿಟ್ಟಾದಳು ಅಂದುಕೊಂಡೆ. ಕೈಯಲ್ಲಿ ಹತ್ತಿ ಹಿಡಿದು ಹೊರಗೆ ಬಂದಳು. “ಹೋಗೋವಾಗ ಕಿವಿಗೆ ಇಟ್ಕೊ. ಗಾಳಿ ಬಾಳ ಐತೆ.” ಪರ್ಮಿಷನ್ ಸಿಕ್ಕಿದ್ದು ಹೀಗೆ.

ಸೋಮವಾರ ಅಳಿಯ ರಜೆ ಹಾಕಿ ಅವಳ ಜೊತೆಗೆ ಹೋದ. ಸಂಜೆ ಸಹನಾ ಫೋನ್ ಮಾಡಿದಳು. “ಮೊದ್ಲು ಉಚ್ಚೆ ಪರೀಕ್ಷೆ ಮಾಡಿದ್ರು ಚಿಕ್ಕಮ್ಮ. ರಿಪೋರ್ಟ್ ಬರೋವರೆಗೂ ಜೀವ ಬಾಯಿಗೆ ಬಂದಿತ್ತು. ಏನಿಲ್ಲ ಅಂದ್ರು. ವಂಕಿ ಹಾಕಿದ್ರು. ಅವ್ವ ಬಿಸಿನೀರು ಕಾಸಿಟ್ಟು ಕಾಯ್ತಿದ್ಲು.” ಅವಳ ದನಿಯಲ್ಲಿ ಎಷ್ಟು ನಿರಾಳವಿತ್ತೆಂದರೆ, ಫೋನಿಟ್ಟು ನಾನೂ ಒಂದು ಕಪ್ ಕಾಫಿ ಮಾಡಿಕೊಂಡು ಸುಖವಾಗಿ ಕೂತೆ.

ಕೂತಾಗ ಒಂದು ಯೋಚನೆ ಬಂತು. ಅಳಿಯ ಭಾನುವಾರ ಬರುತ್ತಾನೆ ಅಂತ ಶುಕ್ರವಾರವೇ ಬೇಳೆ ಆರಿಸಿಡುವ ನಾವು, ಇದೊಂದನ್ನು ಮಾತ್ರ ‘ಆಮೇಲೆ ನೋಡಿದರಾಯಿತು’ ಅನ್ನುವುದು ಯಾಕೆ?