ಶೇಕಡಾ ನೂರರ ಶಾಲೆ ಮತ್ತು ನದಾಫ್ ಟೀಚರ್

ಸಿಟ್ಟು ಬಂದರೆ ಎಲ್ಲರ ದನಿ ಏರುತ್ತದೆ. ನದಾಫ್ ಟೀಚರ್ ಅವರ ದನಿ ಇಳಿಯುತ್ತಿತ್ತು. ಹಿಂದಿನ ಬೆಂಚಿನವರು ತಮಗೆ ಬೀಳುತ್ತಿರುವ ಬೈಗುಳ ಏನೆಂದು ತಿಳಿಯಲು ಮುಂದಕ್ಕೆ ಬಾಗಿ ಕಿವಿಗೊಡಬೇಕಾಗುತ್ತಿತ್ತು. ಅಷ್ಟರಲ್ಲಿ ಅವರ ಮೂಗಿನ ತುದಿ ಕೆಂಪಾಗಿ, ಕೈಯಲ್ಲಿದ್ದ ಸೀಮೆಸುಣ್ಣ ಮುರಿದಿರುತ್ತಿತ್ತು. ಸವಡಿಯ ರೈತರ ಮನೆಯ ಮಗಳು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಗಜೇಂದ್ರಗಡಕ್ಕೆ ಬಂದು ನಮ್ಮ ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದರು. ನೌಕರಿ ಕಾಯಂ ಅಲ್ಲ. ಪ್ರತಿ ಜೂನಿನಲ್ಲಿ ಹೆಡ್ ಮಾಸ್ತರು ಬರಹೇಳಿದರೆ ಉಂಟು, ಇಲ್ಲವಾದರೆ ಇಲ್ಲ.

ನಾನು ಆ ಶಾಲೆಯ ಒಂಬತ್ತನೇ ತರಗತಿಗೆ ಸೇರಿದ್ದು ಸೊಲ್ಲಾಪುರದಿಂದ ಟಿ.ಸಿ. ತಂದು. ಅಲ್ಲಿ ಅಪ್ಪ ದುಡಿಯುತ್ತಿದ್ದ ಪವರ್‌ಲೂಮ್ ಮುಚ್ಚಿತು. ನಾವು ಅಜ್ಜನ ಕೈಮಗ್ಗವನ್ನು ನಂಬಿ ಊರಿಗೆ ಮರಳಿದೆವು. ಸೇರಿಸಿದ ದಿನ ಹೆಡ್ ಮಾಸ್ತರು ಅಪ್ಪನಿಗೆ ಚಹಾ ತರಿಸಿದ್ದರು. ಆ ವರ್ಷ ಮಕ್ಕಳು ಕಡಿಮೆಯಾಗಿ ಶಾಲೆಯ ಒಂದು ವಿಭಾಗ ಮುಚ್ಚುವ ಹಾಗಿತ್ತಂತೆ. "ಹುಡುಗಿ ಶಾಣ್ಯಾ ಅದಾಳ, ಚಿಂತಿ ಬಿಡ್ರಿ" ಎಂದಿದ್ದರು. ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಎಂಟನೆಯವರೆಗೆ ನಾನು ಓದಿದ್ದು ಮರಾಠಿಯಲ್ಲಿ. ಮನೆಯಲ್ಲಿ ಆಡುವುದು ಕನ್ನಡವೇ ಆದರೂ ಬರೆಯಲು ಕೈಗೆ ಬರುತ್ತಿರಲಿಲ್ಲ. ಗಣಿತ ಹೇಗೋ ನಡೆಯಿತು, ವಿಜ್ಞಾನವನ್ನು ಉರು ಹೊಡೆದೆ. ಆದರೆ ಪ್ರಥಮ ಭಾಷೆ ಕನ್ನಡ ಪಾಸಾಗದೆ ಎಸ್ಸೆಸ್ಸೆಲ್ಸಿ ಇಲ್ಲ. ಮೊದಲ ಉಕ್ತಲೇಖನದಲ್ಲಿ ನನ್ನ ಕೈ ತಾನಾಗಿಯೇ ಪ್ರತಿ ಶಬ್ದದ ತಲೆಯ ಮೇಲೆ ಮರಾಠಿಯಂತೆ ಗೆರೆ ಎಳೆದಿತ್ತು. ತರಗತಿ ನೋಡಲು ಬಂದಿದ್ದ ಹೆಡ್ ಮಾಸ್ತರು ನಾನು ಬರೆದ ಪಟ್ಟಿಯನ್ನು, ನೋಟ್‌ಬುಕ್ಕನ್ನು, ಎತ್ತಿ ಎಲ್ಲರಿಗೂ ತೋರಿಸಿದರು.

"ಅರಿಬಿ ಒಣಾ ಹಾಕಾಕ ಹಗ್ಗ ಕಟ್ಟೀಯೇನ?"

ತರಗತಿಯೆಲ್ಲ ನಕ್ಕಿತು. ಟೀಚರ್ ನಗಲಿಲ್ಲ. ಹೆಡ್ ಮಾಸ್ತರು ಅವರ ಕಡೆ ತಿರುಗಿ, "ಕಲಸಾವ್ರು ಉರ್ದು ಮಂದಿ, ಕಲಿಯಾಕಿ ಮರಾಠಿ ಹುಡುಗಿ. ಚಲೋ ಕೂಡೀರಿ" ಎಂದರು.

"ನಮ್ಮವ್ವ ನನಗ ಜೋಗುಳಾ ಹಾಡಿದ್ದೂ ಕನ್ನಡದಾಗ, ಬೈದಿದ್ದೂ ಕನ್ನಡದಾಗರಿ ಸರ್" ಎಂದರು ಟೀಚರ್, ಮುಂದಿನ ಬೆಂಚಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ. "ಪಟ್ಟಿ ಕೊಡ್ರಿ."

ಮರುದಿನದಿಂದ ಮಧ್ಯಾಹ್ನದ ಬಿಡುವಿನಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ರೊಟ್ಟಿ ತಿನ್ನುತ್ತಲೇ ಶಬ್ದ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಪ್ರೀತಿಯ ಮಾತು ಅವರಿಗೆ ಬರುತ್ತಿರಲಿಲ್ಲ. ನಾನು "ಸಾಲಿ" ಎಂದು ಬರೆದರೆ ಹೊಡೆದುಹಾಕಿ "ಶಾಲೆ" ಎಂದು ಬರೆಯುತ್ತಿದ್ದರು. ಒಮ್ಮೆ ನಾನು, "ನಾವು ಹಿಂಗ ಅಂತೇವಲ್ರಿ ಟೀಚರ್, ಇದು ತಪ್ಪೇನ್ರಿ?" ಎಂದು ಕೇಳಿದೆ.

"ತಪ್ಪಲ್ಲ. ಪೇಪರ್ ತಿದ್ದಾವ್ರಿಗೆ ನಿನ್ನ ಕನ್ನಡ ಬರೂದಿಲ್ಲ. ಅದಕ್ಕ ನೀ ಅವರದ್ದ ಕಲಿಬೇಕು. ಸಿಟ್ಟ ಬಂತಿಲ್ಲೋ?"

"ಬಂತ್ರಿ."

"ಹಂಗಾರ ಬರಿ."

ಘಟಕ ಪರೀಕ್ಷೆಯಲ್ಲಿ ಕೆಟ್ಟದಾಗಿ ಬಿದ್ದ ದಿನ ನಾನು ಅತ್ತೆ. ಅವರು ನನ್ನ ಕಣ್ಣೊರೆಸಲಿಲ್ಲ. "ಅಳಬ್ಯಾಡ. ಅತ್ರ ಸಿಟ್ಟೆಲ್ಲಾ ಹರದು ಹೋಗ್ತೈತಿ. ಮುಂದ ಬೇಕಾದಾಗ ಎಲ್ಲಿಂದ ತರ್ತಿ?" ಎಂದರು. ಅಂಥ ಮಾತನ್ನು ನನಗೆ ಬೇರೆ ಯಾರೂ ಹೇಳಿಲ್ಲ.

ಹತ್ತನೆಯ ತರಗತಿಯಲ್ಲಿ, ಪರೀಕ್ಷೆಗೆ ಹೆಸರು ಕಳಿಸುವ ಹೊತ್ತಿಗೆ, ಹೆಡ್ ಮಾಸ್ತರು ಅಪ್ಪನನ್ನು ಕರೆಸಿದರು. ಈ ಸಲ ಚಹಾ ಇರಲಿಲ್ಲ, ಕುರ್ಚಿಯೂ ಇರಲಿಲ್ಲ.

"ನಮ್ಮ ಸಾಲಿ ರಿಸಲ್ಟ್ ಶೇಕಡಾ ನೂರು. ನಿಮ್ಮ ಹುಡುಗಿ ಕನ್ನಡದಾಗ ಫೇಲಾಗ್ತಾಳ. ಈ ವರ್ಷ ಮನ್ಯಾಗ ಇರ್ಲಿ, ಮುಂದಿನ ವರ್ಷ ಹೊರಗಿಂದ ಪರೀಕ್ಷಾ ಕಟ್ರಿ. ಅಲ್ಲೀತನಕ ಮಗ್ಗದ ಕೆಲಸಾನರ ಕಲೀತಾಳ."

ಅಪ್ಪ ಕೈ ಮುಗಿದು, "ನೀವು ಹ್ಯಾಂಗ ಅಂತೀರಿ ಹಂಗ್ರಿ" ಎಂದುಬಿಟ್ಟ. ಬಾಗಿಲ ಬಳಿ ನಿಂತಿದ್ದ ನನಗೆ ಮೈ ಉರಿದುಹೋಯಿತು. ಓಡಿಹೋಗಿ ಟೀಚರ್ ಅವರಿಗೆ ಹೇಳಿದೆ. ನಡೆಯುತ್ತಿದ್ದ ಪಾಠ ಬಿಟ್ಟು ಅವರು ನೇರವಾಗಿ ಹೆಡ್ ಮಾಸ್ತರ ಕೋಣೆಗೆ ಬಂದರು.

"ಅಪ್ಪಾರ, ಮೊದಲ ಕೈ ಕೆಳಗ ಇಳಸ್ರಿ" ಎಂದರು. ಆಮೇಲೆ ಹೆಡ್ ಮಾಸ್ತರ ಕಡೆ ತಿರುಗಿದರು. "ಮಕ್ಕಳು ಕಡಿಮಿ ಬಿದ್ದಾಗ ಈಕಿ ಬೇಕಾಗಿದ್ಲು. ಈಗ ನೂರಕ್ಕ ಅಡ್ಡ ಬಂದ್ಲೇನ್ರಿ?"

"ಟೀಚರ್, ಈಕಿ ಫೇಲಾದ್ರ ನಿಮ್ಮ ನೌಕರಿಗೆ ಬರ್ತೈತಿ."

"ಬರ್ಲಿ."

"ವಿಚಾರ ಮಾಡಿ ಮಾತಾಡ್ರಿ."

"ವಿಚಾರ ಮಾಡೇನ ಬಂದೀನ್ರಿ. ಈಕಿ ಹೆಸರು ಕಳಸಲಿಲ್ಲಂದ್ರ ನಾ ಈಗ ಇಲ್ಲಿಂದ ಶಿಕ್ಷಣ ಇಲಾಖೆ ಆಫೀಸಿಗೇ ಹೋಗಾಕಿ. ಮಕ್ಕಳನ್ನ ಹ್ಯಾಂಗ ಸೋಸಿ ನೂರು ಮಾಡ್ತೀರಿ ಅಂತ ಅಲ್ಲೆ ಹೇಳ್ತೀನಿ."

ಅಪ್ಪ, "ಅಕ್ಕಾರ, ನಮ್ಮ ಸಲುವಾಗಿ ಬ್ಯಾಡ್ರಿ" ಎಂದ. ಟೀಚರ್ ಅವನ ಮೇಲೂ ಸಿಡುಕಿದರು: "ನಿಮ್ಮ ಸಲುವಾಗಿ ಅಲ್ರಿ, ಈಕಿ ಸಲುವಾಗಿ."

ಹೆಸರು ಹೋಯಿತು. ನಾನು ಪರೀಕ್ಷೆ ಬರೆದೆ. ಉಳಿದ ಎಲ್ಲದರಲ್ಲೂ ಪಾಸಾಗಿ ಕನ್ನಡ ಒಂದರಲ್ಲೇ ಬಿದ್ದೆ. ಶಾಲೆಯ ನೂರು ಮುರಿಯಿತು. ಜೂನಿನಲ್ಲಿ ಟೀಚರ್ ಅವರಿಗೆ ಬರಹೇಳಲಿಲ್ಲ. ಅವರ ತರಗತಿಗಳನ್ನು ಹೆಡ್ ಮಾಸ್ತರ ಸಂಬಂಧಿಯೊಬ್ಬನಿಗೆ ಕೊಟ್ಟರು. ಊರಿನವರು ನನ್ನನ್ನು ಕಂಡರೆ, "ಪಾಪ, ಆ ಟೀಚರ್ ನೌಕರಿ ಕಳೆದಾಕಿ" ಎನ್ನುತ್ತಿದ್ದರು. ಕಳೆದವಳು ನಾನಲ್ಲ. ಕಳೆದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಹೆಡ್ ಮಾಸ್ತರು ಎದುರಿಗೆ ಬಂದರೆ ಎಲ್ಲರೂ ನಮಸ್ಕಾರ ಮಾಡುತ್ತಿದ್ದರು.

ಮರುಪರೀಕ್ಷೆಗೆ ಮೊದಲು ಒಂದು ಬೆಳಿಗ್ಗೆ ಟೀಚರ್ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಅವ್ವ ಮಗ್ಗದ ಪಕ್ಕದಲ್ಲಿ ಚಾಪೆ ಹಾಸಿದಳು. "ನೌಕರಿ ಹೋದ ಮ್ಯಾಲೂ ಬಂದ್ರೇನ್ರಿ ಅಕ್ಕಾರ" ಎಂದು ಅವಳು ಕಣ್ಣೀರು ತೆಗೆದರೆ, "ಹೋದದ್ದು ನೌಕರಿರಿ, ನನಗೇನ ಕನ್ನಡ ಮರತಿಲ್ಲ. ಲಗೂ ಪುಸ್ತಕಾ ತರಾಕ ಹೇಳ್ರಿ" ಎಂದರು. ಅಪ್ಪ ಮಗ್ಗ ನಿಲ್ಲಿಸಲು ಹೋದಾಗ ಬೇಡವೆಂದರು. ಲಾಳಿಯ ಸಪ್ಪಳದ ನಡುವೆಯೇ ವಾರಗಟ್ಟಲೆ ವ್ಯಾಕರಣ ಹೇಳಿಕೊಟ್ಟರು. ಈ ಸಲ ನಾನು ಪಾಸಾದೆ. ಸುದ್ದಿ ಹೇಳಲು ಸವಡಿಗೆ ಹೋದಾಗ, "ಹ್ಞೂಂ. ಮುಂದ ಏನ ಓದ್ತಿ?" ಎಂದರು, ಅಷ್ಟೇ.

ಕೆಲವು ವರ್ಷಗಳ ನಂತರ, ಶಿಕ್ಷಕರ ತರಬೇತಿ ಮುಗಿಸಿ ನಾನು ನರಗುಂದದ ಕಡೆ ಕೆಲಸಕ್ಕೆ ಸೇರಿದ ಮೇಲೆ, ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ ಟೀಚರ್ ಸಿಕ್ಕರು. ಮದುವೆಯಾಗಿ ರೋಣದಲ್ಲಿದ್ದರು. ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದರು. ದಾರ, ಗುಂಡಿ ಕೊಳ್ಳಲು ಬಂದಿದ್ದರು. ಬೇರೆ ಎರಡು ಶಾಲೆಗಳಲ್ಲಿ ಕೇಳಿದ್ದರಂತೆ. ಎರಡೂ ಕಡೆಗೆ ನಮ್ಮ ಹೆಡ್ ಮಾಸ್ತರು ಮೊದಲೇ ಮಾತು ಮುಟ್ಟಿಸಿದ್ದರು: ಈಕೆ ಜಗಳಗಂಟಿ.

"ಮತ್ತ ಕಲಸಬೇಕು ಅನಸೂದಿಲ್ರಿ?" ಎಂದು ಕೇಳಿದೆ.

ಅವರು ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. "ಅನಸ್ತೈತಿ. ದಿನಾ ಅನಸ್ತೈತಿ."

ರೋಣದ ಬಸ್ಸು ಬಂತು. ನೂಕುನುಗ್ಗಲಿನಲ್ಲಿ ಹತ್ತಿದರು, ಸೀಟು ಸಿಗಲಿಲ್ಲ, ಕಂಬಿ ಹಿಡಿದು ನಿಂತರು. ಆಮೇಲೆ ನಾನು ಅವರನ್ನು ನೋಡಿಲ್ಲ.

ಬಸ್ಸು ಸರಿದ ಮೇಲೆ ಎದುರಿನ ಗೋಡೆ ಕಾಣಿಸಿತು. ಅಲ್ಲಿ ನಮ್ಮ ಶಾಲೆಯ ಬ್ಯಾನರ್ ಕಟ್ಟಿದ್ದರು. ಮತ್ತೆ ಶೇಕಡಾ ನೂರು, ಹಾರ ಹಾಕಿಸಿಕೊಂಡ ಹೆಡ್ ಮಾಸ್ತರ ದೊಡ್ಡ ಫೋಟೋ, ಸುತ್ತಲೂ ಪಾಸಾದ ಮಕ್ಕಳ ಮುಖಗಳು. ಆ ವರ್ಷ ಯಾವ ಮಕ್ಕಳನ್ನು ಮನೆಗೆ ಕಳಿಸಿ ನೂರು ಮಾಡಿದರು ಎಂದು ಹೆಡ್ ಮಾಸ್ತರ ಕೋಣೆಗೆ ನುಗ್ಗಿ ಕೇಳುವವರು ಈಗ ಆ ಶಾಲೆಯಲ್ಲಿ ಯಾರೂ ಇರಲಿಲ್ಲ.