ವಿಶಾಖಾ ಓದಿದ ಸರದಿ

ನಾನು ಶಂಕರಲಿಂಗ, ಹುಮನಾಬಾದಿನ ತೊಗರಿ ಖರೀದಿ ಕೇಂದ್ರದ ಗುಮಾಸ್ತ. ಯಾರನ್ನೂ ಸುಲಭಕ್ಕೆ ಹೊಗಳುವವನಲ್ಲ; ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ. ಆದರೆ ವಿಶಾಖಾಳ ಮಾತು ಬಂದರೆ ನನ್ನ ನಾಲಿಗೆಗೆ ಕಡಿವಾಣವಿಲ್ಲ.

ನಮ್ಮಲ್ಲಿ ರೈತರು ಸರದಿಗೆ ಚಪ್ಪಲಿ ಇಟ್ಟು ಬೇವಿನ ನೆರಳಿಗೆ ಹೋಗಿ ಕೂರುವುದು ರೂಢಿ. ಈ ವರ್ಷ ಕಂಪ್ಯೂಟರ್ ಬಂತಲ್ಲ, "ಚಪ್ಪಲಿ ತಗೀರಿ, ಚೀಟೀನೂ ಬ್ಯಾಡ, ಮಷಿನ್ ನೆನಪಿಡ್ತದ" ಎಂದು ಜಂಬ ಕೊಚ್ಚಿದ್ದೆ. ಖರೀದಿಯ ಕೊನೆಯ ದಿನ ಬೆಳಿಗ್ಗೆ ಅದು ಜಾಗ ಸಾಲದು ಎಂದಿತು. ನನಗೆ ಗುರುತಿಲ್ಲದ ಹೆಸರಿನ ಕಡತಗಳನ್ನೆಲ್ಲ ಕಸವೆಂದು ಅಳಿಸಿಬಿಟ್ಟೆ. ಅವು ಕಂಪ್ಯೂಟರಿನ ಕೈಕಾಲುಗಳಾಗಿದ್ದವು. ಉಳಿದದ್ದು ಕಪ್ಪು ಪರದೆ, ಮಿಣುಕುವ ಒಂದು ಗೆರೆ.

ಇನ್ನೂರ ಹನ್ನೊಂದು ಮಂದಿಯ ಸರದಿ ಅದರೊಳಗಿತ್ತು. ಸಂಜೆ ಆರಕ್ಕೆ ತಕ್ಕಡಿ ಬಂದ್. ಅಷ್ಟರಲ್ಲಿ ಎಲ್ಲರದ್ದೂ ತೂಗಿ ಮುಗಿಯುವುದಿಲ್ಲ. ಹೊರಗೆ "ನಾ ಮೊದ್ಲ" ಎಂದು ಕೊರಳಪಟ್ಟಿ ಹಿಡಿಯುವುದು ಶುರುವಾಗಿತ್ತು. ಒಳಗೆ ನಾನು ಕಂಪ್ಯೂಟರಿಗೆ ಬೈಯುತ್ತಿದ್ದೆ. ಕೈಲಾಗದವನು ಮೈಯೆಲ್ಲ ಪರಚಿಕೊಂಡನಂತೆ.

ಬುತ್ತಿಗಂಟು ಹಿಡಿದು ಬಂದಿದ್ದ ಹುಡುಗಿಯೊಬ್ಬಳು ಕಿಟಕಿಯಿಂದ ಇಣುಕಿದಳು.

"ಬಂದ್ ಮಾಡಬ್ಯಾಡ್ರಿ ಕಾಕಾ. ಬಂದ್ ಮಾಡಿದ್ರ ಮತ್ತ ಚಾಲೂ ಆಗಂಗಿಲ್ಲ."

ಅವಳೇ ವಿಶಾಖಾ. ಘಾಟಬೋರಾಳದವಳು, ಇಲ್ಲಿನ ಕೆಮಿಕಲ್ ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ಬಸವಕಲ್ಯಾಣದ ಕಾಲೇಜಿಗೆ ಅವಳ ಬಸ್ಸು ದಿನಾ ತಡವಾಗಿ ಮುಟ್ಟುತ್ತಿತ್ತಂತೆ. ಅಷ್ಟರಲ್ಲಿ ಒಳ್ಳೆಯ ಕಂಪ್ಯೂಟರುಗಳನ್ನೆಲ್ಲ ಉಳಿದವರು ಹಿಡಿದಿರುತ್ತಿದ್ದರು. ಯಾರಿಗೂ ಬೇಡವಾದ, ಕಪ್ಪು ಪರದೆಯ ಒಂದು ಹಳೇ ಡಬ್ಬದ ಮುಂದೆ ಮೂರು ವರ್ಷ ಕೂತವಳು. ನನ್ನ ಡಬ್ಬಕ್ಕೆ ಅವಳು ಹೆದರುತ್ತಾಳೆಯೇ?

ಒಳಗೆ ಬಂದು ಒಂದೆರಡು ಗುಂಡಿ ಒತ್ತಿ ನೋಡಿ, "ಕಡತ ತೆರಿಯೂದಿಲ್ಲ, ನಕಲು ಮಾಡೂದೂ ಇಲ್ಲ, ಅದಕ್ಕ ಬೇಕಾದವೆಲ್ಲಾ ಅಳಿಸಿ ಹೋಗ್ಯಾವ್ರಿ" ಎಂದಳು.

"ಮತ್ತ ಹ್ಯಾಂಗ, ತಂಗಿ?"

"ರೊಟ್ಟಿ ಬಡಿಯಾಕ ಲಟ್ಟಣಿಗಿ ಯಾಕ್ರಿ? ಕೈ ಅದಾವಲ್ಲ."

ಹೇಳಿದ್ದನ್ನೇ ತಿರುಗಿ ಹೇಳುವ 'ಎಕೋ' ಮತ್ತು ಒಂದೊಂದೇ ಸಾಲು ಎತ್ತಿಕೊಳ್ಳುವ 'ರೀಡ್' ಎಂಬ ಎರಡು ಆಜ್ಞೆಗಳು ಉಳಿದಿದ್ದವು. ಎಕೋ ಎಂದು ಬರೆದು ಮುಂದೆ ಒಂದು ನಕ್ಷತ್ರದ ಗುರುತು ಒತ್ತಿದಳು. ಕಡತಗಳ ಹೆಸರು ಸಾಲಾಗಿ ಬಂದವು. ಸರದಿಯ ಕಡತವೂ ಅಲ್ಲೇ ಇತ್ತು. ಆಮೇಲೆ ಎರಡನ್ನೂ ಜೋಡಿಸಿ, ಒಂದು ಸಾಲು ಎತ್ತು, ಅದನ್ನೇ ಹೇಳು, ನಾನು ಗುಂಡಿ ಒತ್ತುವ ತನಕ ನಿಲ್ಲು ಎಂದು ಕಂಪ್ಯೂಟರಿಗೆ ಕಲಿಸಿದಳು. ಗುಂಡಿಗೊಂದು ಹೆಸರು. ಅವಳು ಓದಿದಳು, ನಾನು ವಹಿಯಲ್ಲಿ ಬರೆದುಕೊಂಡೆ. ಇನ್ನೂರ ಹನ್ನೊಂದು ಹೆಸರು, ಒಂದೇ ದನಿಯಲ್ಲಿ. ಹೊರಗಿನ ಜಗಳ ತಣ್ಣಗಾಯಿತು.

ಆರಕ್ಕೆ ನೂರ ಅರವತ್ಮೂರನೆಯವರದು ತೂಗಿ ತಕ್ಕಡಿ ನಿಂತಿತು. ಉಳಿದವರು ಗೊಣಗುತ್ತ ಚೀಲ ಹೇರಿಕೊಳ್ಳುತ್ತಿದ್ದರು. ಅವರ ನಡುವೆ ವಿಶಾಖಾ ಒಬ್ಬ ಮುದುಕನ ಚೀಲ ಟೆಂಪೋಗೆ ಎತ್ತುತ್ತಿದ್ದಳು. ಅವನ ಹೆಗಲ ಮೇಲೆ ಬೆಳಗಿನ ಬುತ್ತಿ ಕಟ್ಟಿದ್ದ ಬಟ್ಟೆ.

ವಹಿ ತೆರೆದೆ. ನೂರ ಅರವತ್ತಾರು: ದೇವಿದಾಸ, ಘಾಟಬೋರಾಳ. ನನ್ನದೇ ಕೈಬರಹ, ಅವಳೇ ಓದಿ ಹೇಳಿದ್ದು. ವಹಿಯನ್ನು ಅಲ್ಲೇ ಬಿಟ್ಟು ಓಡಿದೆ.

"ನಿಮ್ಮಪ್ಪ ಏನವ್ವಾ? ಮೂರ ನಂಬರ್ ಹಿಂದ. ಬೆಳಿಗ್ಗೆನ ಹೇಳಿದ್ರ ಮ್ಯಾಲ ಬರೀತಿದ್ನಲ್ಲ."

"ಅದಕ್ಕ ಹೇಳ್ಲಿಲ್ರಿ ಕಾಕಾ" ಎಂದು ಅವಳು ಮುಂದಿನ ಚೀಲಕ್ಕೆ ಬಾಗಿದಳು.

ಅದರ ಇನ್ನೊಂದು ತುದಿಯನ್ನು ನಾನು ಹಿಡಿದೆ.